ಬೇಲಿಯೇ ಹೊಲ ಮೇಯ್ದಾಗ

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, ಮೂವತ್ತೈದು ವರ್ಷ ಗಣಿತದ ಪಾಠ ಹೇಳಿ ಆಗತಾನೆ ನಿವೃತ್ತರಾಗಿದ್ದವರು, ಒಂದು ರಾತ್ರಿ ಊಟ ಮುಗಿಸಿ ಎದ್ದ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಕುಸಿದರು. ಎದೆಗೂಡಿನ ಕೆಳಗೆ ಹುಟ್ಟಿದ ನೋವು ಬೆನ್ನಿನವರೆಗೆ ಈಟಿಯಂತೆ ಹಾಯುತ್ತಿತ್ತು. ಅಜೀರ್ಣವಿರಬೇಕೆಂದು ಮನೆಯವರು ಜೀರಿಗೆಯ ಕಷಾಯ ಕುಡಿಸಿದರು. ಅದು ಕೂಡಲೇ ವಾಂತಿಯಾಯಿತು. ಬೆಳಗಾಗುವುದರೊಳಗೆ ಅವರು ಆಸ್ಪತ್ರೆಯ ತೀವ್ರ ನಿಗಾ ವಿಭಾಗವನ್ನು ಸೇರಿದ್ದರು. ಪಿತ್ತಕೋಶದ ಕಲ್ಲೊಂದು ಜಾರಿ ಮೇದೋಜೀರಕ ಗ್ರಂಥಿಗೆ ಉರಿಯೂತ ಬಂದಿದೆಯೆಂದು ವೈದ್ಯರು ತಿಳಿಸಿದರು.

ಅವರ ಶ್ರೀಮತಿಯವರು ಎರಡು ದಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಮೂರನೆಯ ದಿನ ತಾಳ್ಮೆ ಕೆಟ್ಟು ತರುಣ ವೈದ್ಯರನ್ನು ತಡೆದು ಕೇಳಿದರು: “ಡಾಕ್ಟ್ರೇ, ಒಂದು ಆಪರೇಷನ್ ಇಲ್ಲ, ಒಂದು ದೊಡ್ಡ ಔಷಧ ಇಲ್ಲ. ಏನಾದರೂ ಮಾಡಬಾರದೆ?” ಅವರು ನಿಂತು ಸಮಾಧಾನದಿಂದ ಹೇಳಿದರು: “ಅಮ್ಮಾ, ಮಾಡಬೇಕಾದ್ದನ್ನು ಮಾಡುತ್ತಲೇ ಇದ್ದೇವೆ. ಮಾಡಬಾರದ್ದನ್ನು ಮಾಡದೆ ಇರುವುದೂ ಈ ಕಾಯಿಲೆಯಲ್ಲಿ ಒಂದು ಚಿಕಿತ್ಸೆಯೇ.”

ಆ ಮಾತು ನನಗೆ ಅಂದು ನುಣುಚಿಕೊಳ್ಳುವ ಮಾತಿನಂತೆ ಕೇಳಿಸಿತು. ಆಮೇಲೆ ಕುತೂಹಲಕ್ಕೆಂದು ಈ ರೋಗದ ಚರಿತ್ರೆಯನ್ನು ಓದತೊಡಗಿದೆ. ಆ ಒಂದು ವಾಕ್ಯವನ್ನು ಧೈರ್ಯವಾಗಿ ಆಡುವ ಸ್ಥಿತಿಗೆ ಬರಲು ವೈದ್ಯಶಾಸ್ತ್ರಕ್ಕೆ ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತೆಂಬುದು ಆಗ ತಿಳಿಯಿತು.

ಅಡಗಿ ಕುಳಿತ ಗ್ರಂಥಿ

ಜಠರದ ಹಿಂಬದಿಯಲ್ಲಿ, ಬೆನ್ನೆಲುಬಿಗೆ ಅಡ್ಡಲಾಗಿ, ಸುಮಾರು ಒಂದು ಗೇಣುದ್ದದ ಮೆತ್ತನೆಯ ಗ್ರಂಥಿಯೊಂದು ಮಲಗಿದೆ. ಅದೇ ಮೇದೋಜೀರಕ ಗ್ರಂಥಿ. ಗ್ರೀಕರು ಇದನ್ನು ‘ಇಡಿಯೂ ಮಾಂಸ’ ಎಂಬ ಅರ್ಥದ ಹೆಸರಿನಿಂದ ಕರೆದರು. ಇದರ ಕೆಲಸವೇನೆಂದು ಅವರಿಗೆ ಗೊತ್ತಿರಲಿಲ್ಲ. 1642ರಲ್ಲಿ ಇಟಲಿಯ ಪಾದುವಾ ನಗರದಲ್ಲಿ ವಿರ್ಸುಂಗ್ ಎಂಬ ಅಂಗರಚನಾಶಾಸ್ತ್ರಜ್ಞ ಇದರ ನಾಳವನ್ನು ಕಂಡುಹಿಡಿದ. ಇದು ದಿನವೊಂದಕ್ಕೆ ಒಂದರಿಂದ ಎರಡು ಲೀಟರಿನಷ್ಟು ರಸವನ್ನು ಸುರಿಸಿ, ನಾವು ಉಂಡ ಪಿಷ್ಟ, ಕೊಬ್ಬು, ಸಸಾರಜನಕಗಳನ್ನೆಲ್ಲ ಕರಗಿಸುತ್ತದೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪಷ್ಟವಾಯಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಮಾಂಸವನ್ನು ಕರಗಿಸುವ ರಸ ಮಾಂಸದಿಂದಲೇ ಆದ ಆ ಗ್ರಂಥಿಯನ್ನು ಏಕೆ ಕರಗಿಸುವುದಿಲ್ಲ? ಪ್ರಕೃತಿ ಇದಕ್ಕೊಂದು ಉಪಾಯ ಹೂಡಿದೆ. ಗ್ರಂಥಿಯಲ್ಲಿ ತಯಾರಾಗುವಾಗ ಟ್ರಿಪ್ಸಿನ್ ಎಂಬ ಪ್ರಬಲ ಕಿಣ್ವ ನಿಷ್ಕ್ರಿಯ ರೂಪದಲ್ಲಿರುತ್ತದೆ, ಒರೆಯಲ್ಲಿಟ್ಟ ಕತ್ತಿಯಂತೆ. ನಾಳದ ಮೂಲಕ ಹರಿದು ಸಣ್ಣ ಕರುಳಿಗೆ ಬಂದ ಮೇಲೆ, ಅಲ್ಲಿನ ಇನ್ನೊಂದು ಕಿಣ್ವ ಆ ಒರೆಯನ್ನು ಕಳಚುತ್ತದೆ. ಈ ವ್ಯವಸ್ಥೆ ತಪ್ಪಿ ಕತ್ತಿ ಮನೆಯೊಳಗೇ ಹೊರಬಿದ್ದರೆ, ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಅಕ್ಷರಶಃ ಇದೇ. ಪ್ರಾಗ್ ನಗರದ ಹಾನ್ಸ್ ಕಿಯಾರಿ 1896ರಲ್ಲಿ ಈ ಸ್ವಜೀರ್ಣದ ತತ್ತ್ವವನ್ನು ಮಂಡಿಸಿದರು. 1901ರಲ್ಲಿ ಅಮೆರಿಕದ ಯೂಜೀನ್ ಓಪಿ, ಪಿತ್ತನಾಳವೂ ಈ ಗ್ರಂಥಿಯ ನಾಳವೂ ಕೂಡುವ ಬಾಯಿಯಲ್ಲಿ ಸಿಕ್ಕಿಕೊಂಡ ಸಣ್ಣ ಕಲ್ಲೊಂದನ್ನು ಶವಪರೀಕ್ಷೆಯಲ್ಲಿ ಕಂಡು ಕಾರಣದ ಒಂದು ಎಳೆಯನ್ನು ಹಿಡಿದುಕೊಟ್ಟರು. ಪಿತ್ತಕೋಶದ ಕಲ್ಲು ಮತ್ತು ಮದ್ಯ, ಇವೆರಡೇ ಇಂದಿಗೂ ಈ ರೋಗದ ಮುಖ್ಯ ಕಾರಣಗಳು.

ರೋಗದ ಸ್ವರೂಪವನ್ನು ಕ್ರಮವಾಗಿ ವಿವರಿಸಿದವರು ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್. 1889ರ ತಮ್ಮ ಉಪನ್ಯಾಸದಲ್ಲಿ ಅವರು, ರೋಗದ ಆರಂಭದಲ್ಲಿ ಶಸ್ತ್ರಕ್ರಿಯೆ ಮಾಡುವುದು ಅತ್ಯಂತ ಅಪಾಯಕರವೆಂದು ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಮುಂದಿನ ಪೀಳಿಗೆ ಪೂರ್ಣವಾಗಿ ಪಾಲಿಸಲಿಲ್ಲ. ರೋಗಿ ಕಣ್ಣೆದುರು ಸಾಯುತ್ತಿರುವಾಗ ಕೈಕಟ್ಟಿ ಕೂರುವುದು ಯಾವ ಶಸ್ತ್ರವೈದ್ಯನಿಗೂ ಸುಲಭವಲ್ಲ. ಹೊಟ್ಟೆ ತೆರೆದರು, ಕೊಳೆತದ್ದನ್ನು ತೆಗೆದರು. ಅನೇಕರು ಆ ಆಘಾತದಿಂದಲೇ ತೀರಿಕೊಂಡರು. 1929ರಲ್ಲಿ ರಕ್ತದಲ್ಲಿನ ಅಮೈಲೇಸ್ ಎಂಬ ಕಿಣ್ವವನ್ನು ಅಳೆದು ರೋಗವನ್ನು ಗುರುತಿಸುವ ಕ್ರಮ ಬಂದಿತು. ಅದುವರೆಗೆ ಹೊಟ್ಟೆ ಬಗೆದಾಗ ಅಥವಾ ಶವಪರೀಕ್ಷೆಯಲ್ಲಿ ಮಾತ್ರ ಕಾಣುತ್ತಿದ್ದ ರೋಗ ಈಗ ಬದುಕಿರುವವರಲ್ಲೂ ಕಾಣಿಸತೊಡಗಿತು. ಆಗ ಅಚ್ಚರಿಯ ಸಂಗತಿಯೊಂದು ಬಯಲಾಯಿತು: ಇದು ಬಂದವರಲ್ಲಿ ಬಹುಮಂದಿ ಯಾವ ಶಸ್ತ್ರಕ್ರಿಯೆಯೂ ಇಲ್ಲದೆ ಗುಣಹೊಂದುತ್ತಿದ್ದರು. ಇಂದಿನ ಲೆಕ್ಕದಲ್ಲಿ ಐವರಲ್ಲಿ ನಾಲ್ವರು ಸುಮಾರು ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಉಳಿದ ಒಬ್ಬನ ಪಾಡು ಮಾತ್ರ ಬೇರೆ. ಗ್ರಂಥಿಯ ಬೆಂಕಿ ರಕ್ತದ ಮೂಲಕ ದೇಹಕ್ಕೆಲ್ಲ ಹರಡಿ, ಶ್ವಾಸಕೋಶ, ಮೂತ್ರಪಿಂಡ, ಹೃದಯಗಳು ಒಂದರ ಹಿಂದೊಂದು ಸೋಲುತ್ತವೆ.

ಔಷಧದ ಕೀರ್ತಿ ಯಾರಿಗೆ ಸಲ್ಲಬೇಕು?

ಐವರಲ್ಲಿ ನಾಲ್ವರು ತಾವಾಗಿಯೇ ಗುಣವಾಗುವ ರೋಗದಲ್ಲಿ ಯಾವ ಮದ್ದನ್ನು ಕೊಟ್ಟರೂ ಅದು ಫಲಿಸಿದಂತೆಯೇ ತೋರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ. ವೈದ್ಯನು ಮೋಸಗಾರನಾಗಬೇಕಿಲ್ಲ, ಪ್ರಾಮಾಣಿಕನಾಗಿದ್ದೂ ಅವನು ಮೋಸಹೋಗಬಹುದು. ಹೊಸ ಮದ್ದನ್ನು ತನಗೆ ತೋಚಿದವರಿಗೆ ಕೊಡುತ್ತ ಹೋದರೆ, ಅರಿವಿಲ್ಲದೆಯೇ ಬದುಕುವ ಲಕ್ಷಣವುಳ್ಳವರನ್ನು ಅವನು ಆರಿಸಿಕೊಳ್ಳಬಹುದು.

ಈ ಭ್ರಮೆಯಿಂದ ಪಾರಾಗಲು ಒಂದೇ ದಾರಿ: ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯನ ಇಚ್ಛೆಗೂ ಬಿಡದೆ, ರೋಗಿಯ ಇಚ್ಛೆಗೂ ಬಿಡದೆ, ಚೀಟಿ ಎತ್ತಿದ ಹಾಗೆ ನಿರ್ಧರಿಸುವುದು, ಎರಡು ಗುಂಪುಗಳ ಗತಿಯನ್ನೂ ಸಮಾನವಾಗಿ ಗಮನಿಸುವುದು. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಮದ್ದನ್ನು ಹೀಗೆ ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿತು. ಅದರ ಹಿಂದಿದ್ದವರು ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್. ಅಂದಿನಿಂದ ಈ ಚೀಟಿಯ ಕ್ರಮವೇ ವೈದ್ಯಶಾಸ್ತ್ರದ ಒರೆಗಲ್ಲಾಯಿತು.

ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಈ ಒರೆಗಲ್ಲನ್ನು ತಂದಾಗ ಹೊಳೆಯುತ್ತಿದ್ದ ಎಷ್ಟೋ ಚಿನ್ನ ಹಿತ್ತಾಳೆಯಾಯಿತು. ಟ್ರಿಪ್ಸಿನ್ನನ್ನು ತಡೆಯುವ ಅಪ್ರೋಟಿನಿನ್ ಎಂಬ ಮದ್ದನ್ನು 1950ರ ದಶಕದಿಂದ ಬಹಳ ಆಸೆಯಿಂದ ಬಳಸುತ್ತಿದ್ದರು. ತರ್ಕಕ್ಕೆ ಅದಕ್ಕಿಂತ ಒಪ್ಪುವ ಮದ್ದು ಇನ್ನೊಂದಿಲ್ಲ: ಕತ್ತಿ ಹೊರಬಿದ್ದಿದೆ, ಕತ್ತಿಯನ್ನು ಹಿಡಿದುಕೊಂಡರಾಯಿತು! 1977ರಲ್ಲಿ ಅದೇ ಬ್ರಿಟಿಷ್ ಮಂಡಲಿಯ ಪರೀಕ್ಷೆ ಮುಗಿದಾಗ ಅದರಿಂದ ಸಾವು ಕಡಿಮೆಯಾಗಲಿಲ್ಲವೆಂದು ಕಂಡಿತು. ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಕತ್ತಿ ತನ್ನ ಕೆಲಸವನ್ನು ಮುಗಿಸಿ, ಬೆಂಕಿ ಬೇರೆ ದಾರಿ ಹಿಡಿದಿರುತ್ತದೆ. ಕೀವಾಗುವುದನ್ನು ಮೊದಲೇ ತಡೆಯಲೆಂದು ಕೊಡುತ್ತಿದ್ದ ಪ್ರಬಲ ಪ್ರತಿಜೀವಕಗಳದೂ ಇದೇ ಕಥೆ. 2004 ಮತ್ತು 2007ರಲ್ಲಿ ಪ್ರಕಟವಾದ ಎರಡು ಕಟ್ಟುನಿಟ್ಟಿನ ಪರೀಕ್ಷೆಗಳಲ್ಲಿ ಅವುಗಳಿಂದ ಪ್ರಯೋಜನ ಕಾಣಲಿಲ್ಲ. ಈ ಉರಿಯೂತವನ್ನೇ ನೇರವಾಗಿ ತಣಿಸುವ ನಿಶ್ಚಿತವಾದ ಮದ್ದು ಇಂದಿಗೂ ನಮ್ಮ ಕೈಗೆ ಬಂದಿಲ್ಲ.

ಇಪ್ಪತ್ತನಾಲ್ಕು ಮತ್ತು ಒಂಬತ್ತು

ಈ ಚರಿತ್ರೆಯಲ್ಲಿ ಮನಸ್ಸನ್ನು ಬಹಳ ಕಲಕುವ ಅಧ್ಯಾಯ ನಡೆದದ್ದು ಹಾಲೆಂಡಿನಲ್ಲಿ. ಸತ್ತ ಗ್ರಂಥಿಭಾಗಕ್ಕೆ ಸೋಂಕು ತಗಲುವುದು ಬಹುಮಟ್ಟಿಗೆ ಕರುಳಿನ ಕ್ರಿಮಿಗಳಿಂದ. ಹಾಗಿದ್ದರೆ ಸೌಮ್ಯವಾದ, ಉಪಕಾರಿಯಾದ ಸೂಕ್ಷ್ಮಜೀವಿಗಳನ್ನು ಕರುಳಿಗೆ ಹೇರಳವಾಗಿ ಬಿಟ್ಟರೆ ಅವು ದುಷ್ಟ ಕ್ರಿಮಿಗಳನ್ನು ಒತ್ತರಿಸಲಾರವೆ? ಇಂಥ ಜೀವಿಗಳು ಆರೋಗ್ಯವಂತರಿಗೆ ನಿರಪಾಯಕಾರಿಗಳು. ಇವುಗಳಿಂದ ಕೇಡಾದೀತೆಂದು ಶಂಕಿಸಿದವರು ವಿರಳ. ಹದಿನೈದು ಆಸ್ಪತ್ರೆಗಳು ಸೇರಿ, ರೋಗ ತೀವ್ರವಾಗಬಹುದೆಂದು ತೋರಿದ 298 ಮಂದಿ ರೋಗಿಗಳನ್ನು ಚೀಟಿಯ ಕ್ರಮದಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂಗಿನ ಕೊಳವೆಯ ಮೂಲಕ ಆರು ಬಗೆಯ ಬ್ಯಾಕ್ಟೀರಿಯಾಗಳ ಮಿಶ್ರಣ. ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ನಿಸ್ಸಾರ ಪುಡಿ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು.

ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಸೋಂಕು ಎರಡು ಗುಂಪಿನಲ್ಲಿಯೂ ಹೆಚ್ಚುಕಡಮೆ ಒಂದೇ ಸಮ. ಆದರೆ ಸಾವು? ನಿಸ್ಸಾರ ಪುಡಿ ಪಡೆದವರಲ್ಲಿ 9 ಮಂದಿ ಸತ್ತಿದ್ದರು. ಬ್ಯಾಕ್ಟೀರಿಯಾ ಪಡೆದವರಲ್ಲಿ 24 ಮಂದಿ. ನೂರಕ್ಕೆ 6 ಎಲ್ಲಿ, 16 ಎಲ್ಲಿ! ಬ್ಯಾಕ್ಟೀರಿಯಾ ಪಡೆದ ಒಂಬತ್ತು ಮಂದಿಯಲ್ಲಿ ಕರುಳಿಗೆ ರಕ್ತವೇ ಸಾಲದೆ ಅದು ಕೊಳೆಯತೊಡಗಿತ್ತು. ಅವರಲ್ಲಿ ಎಂಟು ಮಂದಿ ಉಳಿಯಲಿಲ್ಲ. ಇನ್ನೊಂದು ಗುಂಪಿನಲ್ಲಿ ಅಂಥದು ಒಂದೂ ಇರಲಿಲ್ಲ. ಮಜ್ಜಿಗೆ ಕುಡಿಯುವ ಗಟ್ಟಿ ಮನುಷ್ಯನಿಗೆ ಇದರಿಂದ ಭಯಪಡುವ ಕಾರಣವಿಲ್ಲ. ಆದರೆ ಸಾವಿನ ಅಂಚಿನಲ್ಲಿರುವ ದೇಹ ಬೇರೆಯದೇ ಒಂದು ಲೋಕ. ಅಲ್ಲಿ ಅಮೃತವೂ ವಿಷವಾಗಬಲ್ಲದು.

ಆ ದೇಶದಲ್ಲಿ ಇದರಿಂದ ದೊಡ್ಡ ಚರ್ಚೆ ಎದ್ದಿತು. ಸಹಜವೇ. ಒಪ್ಪಿಗೆ ಕೊಟ್ಟು ಪ್ರಯೋಗಕ್ಕೆ ಸೇರಿದವರ ಮನೆಗಳಲ್ಲಿ ಎಷ್ಟು ಸಂಕಟವಾಗಿರಬೇಕು! ಆದರೆ ಇನ್ನೊಂದು ಮಗ್ಗುಲನ್ನೂ ಯೋಚಿಸಬೇಕು. ಈ ಪರೀಕ್ಷೆ ನಡೆಯದೆ ಇದ್ದಿದ್ದರೆ, ಅದೇ ಮಿಶ್ರಣವನ್ನು ಲೋಕದ ಎಷ್ಟೋ ಆಸ್ಪತ್ರೆಗಳಲ್ಲಿ ಸದುದ್ದೇಶದಿಂದಲೇ ಕೊಡುತ್ತ ಹೋಗಬಹುದಿತ್ತು. ಸತ್ತವರನ್ನು ರೋಗವೇ ಕೊಂದಿತೆಂದು ಎಲ್ಲರೂ ನಂಬುತ್ತಿದ್ದರು. ಲೆಕ್ಕ ಎಲ್ಲಿಯೂ ಸಿಕ್ಕುತ್ತಿರಲಿಲ್ಲ. ಸಂಶೋಧಕರು ತಮ್ಮ ಊಹೆ ತಪ್ಪಿದ್ದನ್ನು ಮುಚ್ಚಿಡದೆ ಅಂಕಿ ಅಂಶಗಳ ಸಹಿತ ಲೋಕದ ಮುಂದಿಟ್ಟರು.

ಕಾಯುವ ಶಸ್ತ್ರ, ಅಳೆಯುವ ನೀರು

ಅದೇ ಡಚ್ ತಂಡ 2010ರಲ್ಲಿ ಇನ್ನೊಂದು ಪ್ರಶ್ನೆಗೆ ಉತ್ತರ ತಂದಿತು. ಸತ್ತ ಭಾಗಕ್ಕೆ ಸೋಂಕು ತಗುಲಿದಾಗ ಹೊಟ್ಟೆಯನ್ನು ಅಗಲವಾಗಿ ತೆರೆದು ಶುಚಿಮಾಡುವುದು ವಾಡಿಕೆಯಾಗಿತ್ತು. ಅದರ ಬದಲು ಮೊದಲು ಪಕ್ಕೆಯಿಂದ ಒಂದು ಕೊಳವೆ ತೂರಿಸಿ ಕೀವನ್ನು ಹರಿಯಬಿಟ್ಟು, ಅದು ಸಾಲದಿದ್ದರೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಮುಂದಕ್ಕೆ ಹೋದರೆ ಹೇಗೆ? 88 ರೋಗಿಗಳ ಪರೀಕ್ಷೆಯಲ್ಲಿ, ಹೊಟ್ಟೆ ತೆರೆದವರಲ್ಲಿ ನೂರಕ್ಕೆ 69 ಮಂದಿಗೆ ದೊಡ್ಡ ತೊಡಕು ಅಥವಾ ಸಾವು ಒದಗಿತು. ಮೆಟ್ಟಿಲು ಕ್ರಮದಲ್ಲಿ 40 ಮಂದಿಗೆ. ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಎರಡನೆಯ ಗುಂಪಿನ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಜನಕ್ಕೆ ಆ ಕೊಳವೆಯೊಂದೇ ಸಾಕಾಯಿತು. 2021ರಲ್ಲಿ ಅದೇ ತಂಡ, ಸೋಂಕು ಕಂಡ ಕೂಡಲೇ ಕೊಳವೆ ಹಾಕುವುದಕ್ಕಿಂತ ಪ್ರತಿಜೀವಕ ಕೊಟ್ಟು ಕೆಲಕಾಲ ಕಾಯುವುದರಿಂದ ನಷ್ಟವಿಲ್ಲವೆಂದು ತೋರಿಸಿತು. ಹಾಗೆ ಕಾದವರಲ್ಲಿ ನೂರಕ್ಕೆ 39 ಮಂದಿಗೆ ಕೊಳವೆಯೂ ಬೇಕಾಗಲಿಲ್ಲ. ಪ್ರತಿಜೀವಕಕ್ಕೆ ಅದರ ಸರಿಯಾದ ಸ್ಥಾನ ದೊರೆತದ್ದೂ ಇಲ್ಲಿಯೇ: ಸೋಂಕು ಬರುವುದಕ್ಕೆ ಮುಂಚೆಯಲ್ಲ, ಬಂದ ಮೇಲೆ.

ಆಹಾರದ ವಿಷಯವೂ ಹೀಗೆಯೇ. ಗ್ರಂಥಿಗೆ ವಿಶ್ರಾಂತಿ ಕೊಡಬೇಕೆಂದು ಹಿಂದೆ ರೋಗಿಯನ್ನು ದಿನಗಟ್ಟಲೆ ಉಪವಾಸ ಕೆಡವುತ್ತಿದ್ದರು. ಲಂಘನವೇ ಪರಮೌಷಧವೆಂಬ ನಮ್ಮ ಮಾತಿಗೆ ಅದು ಹೊಂದುವಂತೆಯೂ ಇತ್ತು. ಆದರೆ ಬರಿದಾದ ಕರುಳಿನ ಗೋಡೆ ಸಡಿಲಗೊಂಡು ಕ್ರಿಮಿಗಳಿಗೆ ದಾರಿ ಬಿಡುತ್ತದೆಂದು ಕ್ರಮೇಣ ತಿಳಿಯಿತು. ರಕ್ತನಾಳದ ಮೂಲಕ ಪೋಷಣೆ ಕೊಡುವುದಕ್ಕಿಂತ ಮೂಗಿನ ಕೊಳವೆಯಿಂದ ಕರುಳಿಗೇ ಆಹಾರ ಕೊಡುವುದು ಲೇಸೆಂದು 1990ರ ದಶಕದ ಕೊನೆಯ ಪರೀಕ್ಷೆಗಳು ತೋರಿಸಿದವು. ಹಾಗಾದರೆ ಮೊದಲ ದಿನವೇ ಕೊಳವೆ ಇಳಿಸೋಣವೆಂದು ಹೊರಟರೆ, 2014ರಲ್ಲಿ ಪ್ರಕಟವಾದ 208 ರೋಗಿಗಳ ಪರೀಕ್ಷೆ ಅದಕ್ಕೂ ಕಡಿವಾಣ ಹಾಕಿತು. ಮೂರು ದಿನ ನೋಡಿ, ಬಾಯಿಂದಲೇ ಊಟ ಕೊಟ್ಟು, ಆಗದಿದ್ದರೆ ಮಾತ್ರ ಕೊಳವೆ ಹಾಕಿದವರ ಗತಿ ಏನೂ ಕೆಟ್ಟಿರಲಿಲ್ಲ.

ಇನ್ನು ನೀರು. ಉರಿಯೂತದಿಂದ ರಕ್ತನಾಳಗಳು ಸೋರುತ್ತವೆ. ರಕ್ತದ ದ್ರವ ಹೊರಗಿನ ಅಂಗಾಂಶಗಳಿಗೆ ಇಳಿದುಹೋಗುತ್ತದೆ. ಆದ್ದರಿಂದ ಬಾಟಲಿಯ ಮೇಲೆ ಬಾಟಲಿ ಏರಿಸಬೇಕೆಂಬುದು ಬಹುಕಾಲದ ನಂಬಿಕೆ. 2022ರಲ್ಲಿ ಭಾರತ, ಇಟಲಿ, ಮೆಕ್ಸಿಕೋ, ಸ್ಪೇನ್ ದೇಶಗಳ 18 ಕೇಂದ್ರಗಳು ಸೇರಿ ನಡೆಸಿದ ಪರೀಕ್ಷೆಯ ವರದಿ ಹೊರಬಂದಿತು. ಒಂದು ಗುಂಪಿಗೆ ರಭಸದಿಂದ ದ್ರವ. ಅರವತ್ತು ಕಿಲೋ ತೂಗುವವನಿಗೆ ಮೊದಲು 1,200 ಮಿಲಿಲೀಟರು, ಆಮೇಲೆ ಗಂಟೆಗೆ 180. ಇನ್ನೊಂದು ಗುಂಪಿಗೆ ಮಿತವಾಗಿ. ದೇಹದ ದ್ರವ ಕುಗ್ಗಿದ್ದರೆ ಮಾತ್ರ ಮೊದಲು 600, ಆಮೇಲೆ ಗಂಟೆಗೆ 90. 744 ರೋಗಿಗಳನ್ನು ಸೇರಿಸಿಕೊಳ್ಳಬೇಕೆಂದಿದ್ದ ಪ್ರಯೋಗವನ್ನು 249 ಜನಕ್ಕೇ ನಿಲ್ಲಿಸಬೇಕಾಯಿತು. ರಭಸದ ಗುಂಪಿನಲ್ಲಿ ನೂರಕ್ಕೆ 20ಕ್ಕೂ ಹೆಚ್ಚು ಮಂದಿಯಲ್ಲಿ ದೇಹ ತಾಳಲಾರದಷ್ಟು ದ್ರವ ತುಂಬಿಕೊಂಡಿತ್ತು. ಮಿತದ ಗುಂಪಿನಲ್ಲಿ ಆರು ಚಿಲ್ಲರೆ ಮಾತ್ರ. ರೋಗವೂ ರಭಸದಿಂದ ತಗ್ಗಲಿಲ್ಲ.

ನಿಗಾ ವಿಭಾಗದ ಪಾಠ

ಇದು ಒಂದು ಗ್ರಂಥಿಗೆ ಸೀಮಿತವಾದ ಪಾಠವಲ್ಲ. ತೀವ್ರ ನಿಗಾ ವಿಭಾಗವೆಂಬುದು ಹುಟ್ಟಿದ್ದೇ ಕೈಗಳ ದುಡಿಮೆಯಿಂದ. 1952ರಲ್ಲಿ ಕೋಪನ್‌ಹೇಗನ್ ನಗರಕ್ಕೆ ಪೋಲಿಯೋ ಮಾರಿ ಎರಗಿದಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿ, ಕೊಳವೆ ಇಟ್ಟು, ರಬ್ಬರ್ ಚೀಲ ಒತ್ತಿ ಉಸಿರಾಡಿಸಿದರು. ಆಮೇಲೆ ಸುಮಾರು 1,500 ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ರೋಗಿಗಳ ಪಕ್ಕ ಕುಳಿತು ಕೈಯಿಂದಲೇ ಚೀಲವನ್ನೊತ್ತಿ ನೂರಾರು ಜೀವಗಳನ್ನು ಹಿಡಿದುಕೊಂಡರು. ಆ ಕೈಗಳ ಜಾಗಕ್ಕೆ ಯಂತ್ರಗಳು ಬಂದವು. ಯಂತ್ರ ಬಂದ ಮೇಲೆ ಎಷ್ಟು ಗಾಳಿ ಊದಬೇಕೆಂಬ ಪ್ರಶ್ನೆ ಬಂದಿತು. 2000ದಲ್ಲಿ ಅಮೆರಿಕದ 861 ರೋಗಿಗಳ ಪರೀಕ್ಷೆಯಲ್ಲಿ, ಪ್ರತಿ ಉಸಿರಿಗೆ ಊದುವ ಗಾಳಿಯನ್ನು ಅರ್ಧಕ್ಕಿಳಿಸಿದಾಗ ಸಾವು ನೂರಕ್ಕೆ ಸುಮಾರು 40ರಿಂದ 31ಕ್ಕೆ ಇಳಿಯಿತು. 2009ರಲ್ಲಿ ಆರು ಸಾವಿರಕ್ಕೂ ಮೀರಿದ ರೋಗಿಗಳಲ್ಲಿ ರಕ್ತದ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಡುವುದರಿಂದ ಸಾವು ಹೆಚ್ಚಿತೆಂದು ತಿಳಿಯಿತು. 2011ರಲ್ಲಿ ಯುಗಾಂಡಾ, ಕೀನ್ಯಾ, ಟಾಂಜಾನಿಯಾಗಳ 3,141 ಮಕ್ಕಳ ಪರೀಕ್ಷೆಯಲ್ಲಿ, ಸೋಂಕಿನ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದವರಿಗೆ ಒಮ್ಮೆಲೇ ದ್ರವ ಸುರಿದಾಗ ಎರಡು ದಿನಗಳೊಳಗಿನ ಸಾವು ನೂರಕ್ಕೆ 7ರಿಂದ 10ಕ್ಕೂ ಮೇಲೆ ಏರಿತು.

ಹಾಗೆಂದು ‘ಏನೂ ಮಾಡದಿರುವುದೇ ಮೇಲು’ ಎಂದು ಯಾರೂ ತಿಳಿಯಬಾರದು. ಉಸಿರಿನ ಯಂತ್ರವಿಲ್ಲದೆ, ದ್ರವವಿಲ್ಲದೆ, ರಾತ್ರಿಯಿಡೀ ಎಚ್ಚರವಾಗಿರುವ ದಾದಿಯರಿಲ್ಲದೆ ಆ ಐದನೆಯವನು ಉಳಿಯುವುದು ಕಷ್ಟ. ಕೈ ತಡೆಯುವುದೂ ಸೋಮಾರಿತನವಲ್ಲ; ಗಂಟೆಗೊಮ್ಮೆ ನಾಡಿ ನೋಡುತ್ತ, ಮೂತ್ರ ಅಳೆಯುತ್ತ, ಇಂದು ಬೇಡ, ನಾಳೆ ನೋಡೋಣ ಎಂದು ನಿರ್ಧರಿಸುವುದು ಕತ್ತಿ ಹಿಡಿಯುವುದಕ್ಕಿಂತ ಕಠಿಣವಾದ ಕೆಲಸ. ಎಷ್ಟು ಸಾಕು ಎಂಬುದನ್ನು ತರ್ಕದಿಂದ ತಿಳಿಯಲಾಗದು, ಅಳೆದೇ ತಿಳಿಯಬೇಕು. ಈ ಪರೀಕ್ಷೆಗಳೆಲ್ಲ ಕಲಿಸಿದ್ದು ಇಷ್ಟನ್ನೇ.

ನನ್ನ ಸಹೋದ್ಯೋಗಿಯವರಿಗೆ ನಾಲ್ಕನೆಯ ವಾರದಲ್ಲಿ ಮತ್ತೆ ಜ್ವರ ಬಂದಿತು. ಹೊಟ್ಟೆಯೊಳಗೆ ಕೀವು ಸೇರಿತ್ತು. ವೈದ್ಯರು ಪ್ರತಿಜೀವಕ ಕೊಟ್ಟು ಕೆಲವು ದಿನ ಕಾದರು. ಆಮೇಲೆ ಎಡಪಕ್ಕೆಯಿಂದ ಒಂದು ಕೊಳವೆ ಇಟ್ಟರು. ಅಷ್ಟೇ ಸಾಕಾಯಿತು. ಸುಮಾರು ಎರಡು ತಿಂಗಳ ಮೇಲೆ ಮನೆಗೆ ಬಂದರು. ಮುಂದೆ ಕಲ್ಲು ತುಂಬಿದ ಪಿತ್ತಕೋಶವನ್ನೂ ತೆಗೆಸಿಕೊಂಡರು. ನಾನು ನೋಡಲು ಹೋದ ದಿನ ಅವರು ಜಗಲಿಯಲ್ಲಿ ಕುಳಿತು, ಶ್ರೀಮತಿಯವರು ಕಲಸಿಕೊಟ್ಟ ತಿಳಿಸಾರು ಅನ್ನವನ್ನು ನಿಧಾನವಾಗಿ ಉಣ್ಣುತ್ತಿದ್ದರು.

ನಾನು ಓದಿದ್ದನ್ನೆಲ್ಲ ಹೇಳಿದೆ. ಗಣಿತದ ಮೇಷ್ಟರಲ್ಲವೆ, ಅಂಕಿಗಳನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದರು: “ಆ ಎಂಬತ್ತೆಂಟು ಮಂದಿಯಲ್ಲಿ ಅರ್ಧದಷ್ಟು ಜನ ಹೊಟ್ಟೆ ಸೀಳಿಸಿಕೊಂಡರಲ್ಲ, ಅದಕ್ಕೆ ನನ್ನ ಹೊಟ್ಟೆ ಉಳಿಯಿತು. ಅವರಿಗೆ ನನ್ನ ಹೆಸರು ಗೊತ್ತಿಲ್ಲ, ನನಗೆ ಅವರ ಹೆಸರು ಗೊತ್ತಿಲ್ಲ. ಈ ಸಾಲವನ್ನು ಯಾರಿಗೆ ತೀರಿಸುವುದು?”

ನನ್ನಲ್ಲಿ ಉತ್ತರವಿರಲಿಲ್ಲ. ಅವರ ಶ್ರೀಮತಿಯವರು ಇನ್ನಷ್ಟು ಅನ್ನ ಬಡಿಸಲು ಬಂದರು. ಮೇಷ್ಟರು ತಟ್ಟೆಗೆ ಕೈ ಅಡ್ಡ ಹಿಡಿದು, “ಸಾಕು” ಎಂದರು.